ಹಿಂದಿನ ಚಕ್ರ ತೆಗೆದು ಟ್ರ್ಯಾಕ್ ಹಾಕಿದೆ: ಕೆಸರುಗದ್ದೆಗೆ ಇಳಿಯುವ ಎಟಿವಿ

ಭದ್ರಾ ನಾಲೆಗೆ ನೀರು ಬಿಟ್ಟರೆ ಮಲೇಬೆನ್ನೂರು ಕಡೆಯ ಗದ್ದೆಗಳೆಲ್ಲ ಕೆಸರಾಗುತ್ತವೆ. ಉಳುಮೆಗೆ ಕೇಜ್ ವೀಲ್ (ಪಂಜರದಂಥ ಕಬ್ಬಿಣದ ಚಕ್ರ) ಹಾಕಿದ ಟ್ರ್ಯಾಕ್ಟರ್ ಇದೆ. ಕೊಯ್ಲಿಗೆ ಚೈನ್ ಮೇಲೆ ಓಡುವ ದೊಡ್ಡ ಮಿಷನ್ ಬರುತ್ತದೆ. ನಡುವಿನ ಕೆಲಸಕ್ಕೆ ಮಾತ್ರ ಏನೂ ಇಲ್ಲ. ನಾಟಿಗೆ ಮೊದಲು ಸಸಿ ಕಟ್ಟು, ಗೊಬ್ಬರದ ಚೀಲ ಎಲ್ಲವನ್ನೂ ಜನ ಹೊತ್ತೇ ಒಯ್ಯಬೇಕು. ಯೂರಿಯಾ ಚೀಲ ಅಂದರೆ 45 ಕೆ.ಜಿ. ಜಾರುವ ಬದುವಿನ ಮೇಲೆ ಅದನ್ನು ಹೊತ್ತು ನಡೆಯುವುದು ಎಂಥ ಕಷ್ಟ ಅಂತ ಹೊತ್ತವರಿಗೇ ಗೊತ್ತು. ನಮ್ಮ ದೊಡ್ಡಪ್ಪನಿಗೆ ಈಗ ಅದು ಆಗುವುದಿಲ್ಲ. ಅದಕ್ಕೇ ಈ ಕೆಲಸಕ್ಕೆ ಕೈ ಹಾಕಿದೆ.

ನನ್ನ ಹತ್ತಿರ ಇದ್ದದ್ದು ಸೆಕೆಂಡ್ ಹ್ಯಾಂಡ್ ಎಟಿವಿ, ಅಂದರೆ ಬೈಕಿನಂತೆ ಹ್ಯಾಂಡಲ್ ಹಿಡಿದು ಹೊಲ-ಗುಡ್ಡದಲ್ಲಿ ಓಡಿಸುವ ಗಾಡಿ. ನಾಲ್ಕು ಚಕ್ರ, ದಪ್ಪ ಟೈರು, ಒಣ ಹೊಲದಲ್ಲಿ ಚೆನ್ನಾಗಿ ಓಡುತ್ತದೆ. ಎರೆ ಮಣ್ಣು ನೆನೆದರೆ ಮಾತ್ರ ಟೈರಿನ ಪಟ್ಟಿಗಳ ನಡುವೆ ಮಣ್ಣು ಮೆತ್ತಿಕೊಂಡು ಚಕ್ರ ನುಣ್ಣಗಾಗುತ್ತದೆ. ಆಮೇಲೆ ಎಷ್ಟು ಆಕ್ಸಿಲರೇಟರ್ ಕೊಟ್ಟರೂ ಅಲ್ಲೇ ತಿರುಗಿ ಗುಂಡಿ ತೋಡುತ್ತದೆ.

ಹಿಂದೆ ಟ್ರ್ಯಾಕ್ (ರೋಲರ್‌ಗಳ ಸುತ್ತ ತಿರುಗುವ ಪಟ್ಟಿ), ಮುಂದೆ ಚಕ್ರ ಇರಲಿ ಅಂತ ತೀರ್ಮಾನ ಮಾಡಿದೆ. ಇದು ಹಳೆಯ ಉಪಾಯವೇ. ಕೆಗ್ರೆಸ್ ಎಂಬ ಫ್ರೆಂಚ್ ಎಂಜಿನಿಯರ್ ರಷ್ಯಾದ ದೊರೆಯ ಕಾರುಗಳನ್ನು ಹಿಮದಲ್ಲಿ ಓಡಿಸಲು ಹೀಗೇ ಮಾಡಿದ್ದ. ಅವನ ರಬ್ಬರ್ ಪಟ್ಟಿ ಹಾಕಿದ ಸಿಟ್ರೊಯೆನ್ ಗಾಡಿಗಳು 1922ರ ಕೊನೆಗೆ ಹೊರಟು ಸಹಾರಾ ಮರುಭೂಮಿಯನ್ನೇ ದಾಟಿದವು. ನಾಲ್ಕೂ ಕಡೆ ಟ್ರ್ಯಾಕ್ ಹಾಕಿದರೆ ತೂಕ ಜಾಸ್ತಿ, ಹ್ಯಾಂಡಲ್ ತಿರುಗಿಸುವುದೂ ಭಾರ. ನನ್ನ ಕೆಲಸಕ್ಕೆ ಅದು ಬೇಕಿರಲಿಲ್ಲ.

ಟ್ರ್ಯಾಕ್‌ಗೆ ಮಿನಿ ಡಂಪರ್‌ಗಳಿಗೆ (ಮಣ್ಣು ಸಾಗಿಸುವ ಸಣ್ಣ ಗಾಡಿ) ಬರುವ ರಬ್ಬರ್ ಪಟ್ಟಿ ತಂದೆ. ಅಳತೆ 180×72×37. ಅಂದರೆ ಅಗಲ 180 ಮಿ.ಮೀ., ಒಂದು ಕೊಂಡಿಯಿಂದ ಇನ್ನೊಂದಕ್ಕೆ 72 ಮಿ.ಮೀ., ಒಟ್ಟು 37 ಕೊಂಡಿ. ಒಳಗೆ ಕಬ್ಬಿಣದ ತುಂಡುಗಳಿರುತ್ತವೆ, ಪಟ್ಟಿಯನ್ನು ತಿರುಗಿಸುವ ಸ್ಪ್ರಾಕೆಟ್ಟಿನ (ಹಲ್ಲಿನ ಚಕ್ರ) ಹಲ್ಲು ಅವುಗಳ ನಡುವಿನ ತೂತಿನಲ್ಲಿ ಕೂರುತ್ತದೆ.

ನೋಡಿದವರೆಲ್ಲ ಕೇಳುವುದು ಒಂದೇ. "ಅಣ್ಣಾ, ಟೈರಿಗಿಂತ ಇದೇ ಸಣ್ಣಗಿದೆಯಲ್ಲ, ಹೂತುಹೋಗಲ್ವಾ?" ಹಳೆಯ ಟೈರಿನ ಅಗಲ 10 ಇಂಚು, ಪಟ್ಟಿ 7 ಇಂಚು, ನಿಜ. ಆದರೆ ಟೈರು ನೆಲ ಮುಟ್ಟುವುದು ಒಂದು ಗೇಣಿನಷ್ಟು. ಪಟ್ಟಿ 86 ಸೆಂ.ಮೀ. ಉದ್ದಕ್ಕೆ ಮಲಗುತ್ತದೆ. ಟೈರಿನಲ್ಲಿ 5 ಪಿಎಸ್ಐ ಗಾಳಿ ಇದ್ದರೆ ನೆಲದ ಮೇಲೂ ಹೆಚ್ಚುಕಡಿಮೆ ಅಷ್ಟೇ ಒತ್ತಡ ಬೀಳುತ್ತದೆ, ಅಂದರೆ ಚದರ ಸೆಂ.ಮೀ.ಗೆ 0.35 ಕೆ.ಜಿ. ಈಗ ಗಾಡಿಯ ಹಿಂಭಾಗದ ಭಾರ 400 ಕೆ.ಜಿ. ಅಂತ ಇಟ್ಟುಕೊಂಡರೂ ಎರಡು ಪಟ್ಟಿಗೆ ಹಂಚಿ 0.13 ಬರುತ್ತದೆ. ನಿಂತ ಮನುಷ್ಯನ ಪಾದದ ಒತ್ತಡಕ್ಕಿಂತ ಇದು ಎಷ್ಟೋ ಕಡಿಮೆ.

ಸ್ಪ್ರಾಕೆಟ್ ಬಗ್ಗೆ ಬಿಡಿಸಿ ಹೇಳಬೇಕು. 25 ಇಂಚಿನ ಟೈರು ಒಂದು ಸುತ್ತಿಗೆ ಸುಮಾರು 2 ಮೀಟರ್ ಸಾಗುತ್ತದೆ. ನಾನು 14 ಹಲ್ಲು ಇಟ್ಟೆ. 14 ಸಲ 72 ಅಂದರೆ 1008 ಮಿ.ಮೀ., ಒಂದು ಮೀಟರ್. ವೇಗ ಅರ್ಧ ಆಯಿತು, ಎಳೆಯುವ ಬಲ ಎರಡರಷ್ಟಾಯಿತು. ಗೇರ್‌ಬಾಕ್ಸ್ ಮುಟ್ಟದೆಯೇ ಇದು ಸಿಕ್ಕಿತು. ಸ್ಪೀಡೋಮೀಟರ್ ಈಗ ಎರಡು ಪಟ್ಟು ತೋರಿಸುತ್ತದೆ, ಅಷ್ಟೇ. ಇದೇ ಕಾರಣಕ್ಕೆ ಮುಂದಿನ ಚಕ್ರಕ್ಕೂ ಎಂಜಿನ್ ಬಲ ಕೊಡುವ ಫೋರ್ ವೀಲ್ ಸ್ವಿಚ್ಚಿನ ವೈರ್ ಕಿತ್ತುಹಾಕಿದ್ದೇನೆ. ಹಿಂದೆ ಒಂದು ಮೀಟರ್, ಮುಂದೆ ಎರಡು ಮೀಟರ್ ಅಂತ ಎಳೆದಾಡಿದರೆ ಮುಂದಿನ ಡಿಫರೆನ್ಷಿಯಲ್ (ಎರಡು ಚಕ್ರಕ್ಕೆ ಬಲ ಹಂಚುವ ಗೇರು) ಉಳಿಯುವುದಿಲ್ಲ.

ಸ್ಪ್ರಾಕೆಟ್ ಮತ್ತು ಅದನ್ನು ಆಕ್ಸಲ್‌ಗೆ ಕೂರಿಸುವ ಹಬ್ ಕಡೆದದ್ದು ಹರಿಹರದ ಹಳೆಯ ಮೈಸೂರು ಕಿರ್ಲೋಸ್ಕರ್ ಲೇತ್ ಮೇಲೆ. ಅವನ್ನು ಮಾಡುತ್ತಿದ್ದ ಕಾರ್ಖಾನೆ ಮುಚ್ಚಿಹೋಗಿದೆ, ಲೇತ್‌ಗಳು ನಮ್ಮ ಊರಿನ ಅಂಗಡಿಗಳಲ್ಲಿ ಇನ್ನೂ ತಿರುಗುತ್ತಿವೆ. ಅದನ್ನು ನೋಡಿದಾಗೆಲ್ಲ ನನಗೆ ಹೆಮ್ಮೆ ಅನಿಸುತ್ತದೆ.

ಇನ್ನು ಚೌಕಟ್ಟು. ಆಕಾರ ತ್ರಿಕೋನ. ಮೇಲೆ ಆಕ್ಸಲ್ ಜಾಗದಲ್ಲಿ ಸ್ಪ್ರಾಕೆಟ್, ಕೆಳಗೆ ಎರಡು ತುದಿಗೆ ರೋಲರ್, ನಡುವೆ ಸಣ್ಣ ರೋಲರ್‌ಗಳು. ಇಡೀ ಚೌಕಟ್ಟು ಹಬ್ ಮೇಲಿನ ಬೇರಿಂಗ್‌ನಲ್ಲಿ ತೂಗುತ್ತದೆ. ಹಾಗಾಗಿ ಅದನ್ನು ಹಿಡಿದುಕೊಳ್ಳಲು ಒಂದು ತೋಳು ಬೇಕೇ ಬೇಕು. ಟ್ರ್ಯಾಕ್ ಕೆಲಸದ ಜೀವ ಇರುವುದೇ ಇಲ್ಲಿ ಅಂತ ನನ್ನ ಅಭಿಪ್ರಾಯ. ನೆಲ ಕೊಡುವ ತಳ್ಳು ಆಕ್ಸಲ್‌ಗಿಂತ ಬಹಳ ಕೆಳಗೆ ಬೀಳುತ್ತದೆ. ಜೋರಾಗಿ ಎಳೆದರೆ ಚೌಕಟ್ಟಿನ ಮೂತಿ ಮೇಲೇಳುತ್ತದೆ, ಬ್ರೇಕ್ ಹಿಡಿದರೆ ಕೆಸರಿಗೆ ಮುಳುಗುತ್ತದೆ. ಬದು ಹತ್ತುವಾಗ ಮೇಲೆದ್ದ ಮೂತಿ ಮಡ್‌ಗಾರ್ಡ್‌ಗೇ ಬಡಿಯಬಹುದು. ಚೌಕಟ್ಟಿನಿಂದ ಸಸ್ಪೆನ್ಷನ್ನಿನ ಕೆಳ ತೋಳಿಗೆ ಒಂದು ರಾಡ್ ಕೊಟ್ಟು, ಎರಡೂ ಕಡೆ ದಪ್ಪ ರಬ್ಬರ್ ಬುಷ್ ಕೂರಿಸಿದೆ. ಪೂರ್ತಿ ಬಿಗಿ ಮಾಡಬಾರದು. ನೆಲದ ಏರಿಳಿತಕ್ಕೆ ಸ್ವಲ್ಪ ವಾಲಬೇಕು, ಮಿತಿ ಮೀರಬಾರದು.

ಹಿಂದಿನ ಭಾಗ ಸುಮಾರು 9 ಸೆಂ.ಮೀ. ಎತ್ತರವಾಯಿತು. ಅದಕ್ಕೆ ಮುಂದಿನ ಸ್ಪ್ರಿಂಗ್ ಬಿಗಿ ಮಾಡಿ, 27 ಇಂಚಿನ ಕಿರಿದಾದ ಟೈರು ಹಾಕಿದೆ. ಕಿರಿದಾದದ್ದು ಬೇಕಂತಲೇ. ಅದು ಕೆಸರು ಸೀಳಿಕೊಂಡು ತಳದ ಗಟ್ಟಿ ಪದರ ಮುಟ್ಟುತ್ತದೆ, ಆಗ ತಿರುಗಿಸಿದ ಕಡೆ ಗಾಡಿ ತಿರುಗುತ್ತದೆ. ಅಗಲದ ಟೈರು ಮೇಲೇ ತೇಲಿ ನೇರ ಜಾರುತ್ತದೆ.

ಎರೆ ಮಣ್ಣಿಗೆ ಇನ್ನೊಂದು ಏರ್ಪಾಡು ಬೇಕು. ಸ್ಪ್ರಾಕೆಟ್ ಪಕ್ಕವನ್ನು ತಗಡಿನಿಂದ ಮುಚ್ಚಬಾರದು. ಮಣ್ಣು ಹೊರಗೆ ಬೀಳಲು ಜಾಗ ಇರಬೇಕು. ಇಲ್ಲದಿದ್ದರೆ ಹಲ್ಲಿನ ಬುಡದಲ್ಲಿ ಮಣ್ಣು ಕಟ್ಟಿ ಪಟ್ಟಿಯನ್ನು ಮೇಲೆತ್ತುತ್ತದೆ, ಪಟ್ಟಿ ಹಲ್ಲು ಬಿಟ್ಟು ಹಾರುತ್ತದೆ. ಪಟ್ಟಿಯ ಬಿಗಿ ನೋಡಲು ಗಾಡಿ ಎತ್ತಿ ನಿಲ್ಲಿಸಿ, ಕೆಳಗಿನ ಪಟ್ಟಿ ರೋಲರ್‌ನಿಂದ ಒಂದೂವರೆ ಎರಡು ಸೆಂ.ಮೀ. ಜೋತುಬೀಳುವಷ್ಟು ಬಿಡುತ್ತೇನೆ. ಬೇರಿಂಗ್‌ಗಳಿಗೆಲ್ಲ ಎರಡು ತುಟಿಯ ಆಯಿಲ್ ಸೀಲ್ ಹಾಕಿ ಗ್ರೀಸ್ ನಿಪ್ಪಲ್ ಕೊಟ್ಟಿದ್ದೇನೆ. ಗದ್ದೆಯಿಂದ ಬಂದ ಕೂಡಲೇ ನೀರು ಹೊಡೆದು ತೊಳೆದು, ಹೊಸ ಗ್ರೀಸ್ ಹೊರಬರುವವರೆಗೆ ಒತ್ತಬೇಕು. ಮಣ್ಣು ಒಣಗಿದರೆ ಉಳಿಯಿಂದಲೇ ಕೆತ್ತಬೇಕಾಗುತ್ತದೆ.

ಈಗ ಎರಡು ಚೀಲ ಯೂರಿಯಾ ಹೇರಿಕೊಂಡು ಗದ್ದೆಯ ಆ ತುದಿಗೆ ಹೋಗಿ ಬರುತ್ತದೆ. ಗದ್ದೆಯವರೆಗೆ ಟ್ರೇಲರ್ ಮೇಲೆ ಒಯ್ಯುತ್ತೇನೆ. ಈ ಎಟಿವಿಯನ್ನು ರಸ್ತೆಯಲ್ಲಿ ಓಡಿಸುವಂತಿಲ್ಲ, ಟಾರು ರಸ್ತೆ ರಬ್ಬರನ್ನೂ ಬೇಗ ತಿಂದುಹಾಕುತ್ತದೆ. ಬೇಸಿಗೆ ಬಂದಾಗ ನಾಲ್ಕು ಬೋಲ್ಟು ಮತ್ತು ಆ ರಾಡ್ ಬಿಚ್ಚಿ ಹಳೆಯ ಚಕ್ರ ಹಾಕಬಹುದು. ಹಬ್ಬಿನ ತೂತುಗಳನ್ನು ಹಾಗೇ ಉಳಿಸಿಕೊಂಡದ್ದು ಇದಕ್ಕಾಗಿಯೇ.