ಮೆದುಳಿನ ಆಪರೇಷನ್‌ಗೆ ದೂರದೂರಿಗೆ ಹೊರಟಿರಾ? ಫೈಲ್ ಹೀಗೆ ಕಟ್ಟಿಕೊಳ್ಳಿ

ನಮ್ಮ ಕಾಕಾ ಕಲಬುರಗಿಯಿಂದ ರಾತ್ರಿ ರೈಲು ಹತ್ತಿ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋದರು. ಚೀಲದಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ವರ್ಷಗಟ್ಟಲೆ ಕೂಡಿಟ್ಟ ಔಷಧಿ ಚೀಟಿ ಎಲ್ಲ ಇತ್ತು. ಎಂಆರ್‌ಐ ಸಿಡಿ ಮಾತ್ರ ಮನೆಯ ಅಲಮಾರದಲ್ಲೇ ಉಳಿದಿತ್ತು. ಡಾಕ್ಟರ್ ಕೇಳಿದ ಮೊದಲ ವಸ್ತು ಅದೇ. ಆಮೇಲೆ ಓಣಿಯಲ್ಲಿ ಯಾರೇ ಹೊರಟರೂ ಅವರ ಫೈಲ್ ನಾನೇ ಕೂತು ಕಟ್ಟಿಕೊಡುತ್ತೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿ ಮಂಪರು ಬರುತ್ತಿದ್ದರೆ, ಮತ್ತೆ ಮತ್ತೆ ವಾಂತಿಯಾದರೆ, ಒಮ್ಮೆಲೇ ಬಾಯಿ ಸೊಟ್ಟಗಾದರೆ ಈ ಲೇಖನ ಪಕ್ಕಕ್ಕಿಡಿ. 108ಕ್ಕೆ ಫೋನ್ ಮಾಡಿ. ಸಿಟಿ ಸ್ಕ್ಯಾನ್ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ. ಇಲ್ಲಿ ಹೇಳುತ್ತಿರುವುದು ತಾರೀಖು ಗೊತ್ತು ಮಾಡಿಕೊಂಡು ಹೋಗುವವರಿಗೆ.

1. ಕಾಗದಪತ್ರ. ಆಧಾರ್, ರೇಷನ್ ಕಾರ್ಡ್, ಆಯುಷ್ಮಾನ್ ಕಾರ್ಡ್, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ. ಎಲ್ಲದಕ್ಕೂ ಮೂರು ಮೂರು ಜೆರಾಕ್ಸ್. ಬೀದರ್ ಕಡೆಯವರು ಹೈದರಾಬಾದಿಗೆ ಹೋಗುವುದಾದರೆ, ಕಾರ್ಡ್ ಅಲ್ಲಿ ನಡೆಯುತ್ತದಾ ಎಂದು ಹೊರಡುವ ಮೊದಲೇ ಕೇಳಿಕೊಳ್ಳಿ.

2. ಸ್ಕ್ಯಾನ್ ಸಿಡಿ. ಜಾಸ್ತಿ ಜನ ಎಡವುವುದು ಇಲ್ಲೇ. ಒಂದು ಎಂಆರ್‌ಐನಲ್ಲಿ ನೂರಾರು ಚಿತ್ರ ಇರುತ್ತವೆ. ಫಿಲ್ಮ್ ಮೇಲೆ ಬರುವುದು ಆಯ್ದ ಕೆಲವು ಮಾತ್ರ. ಆ ಫಿಲ್ಮನ್ನು ಕಿಟಕಿಗೆ ಹಿಡಿದು ಫೋಟೊ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಉಳಿಯುವುದು ಇನ್ನೂ ಕಡಿಮೆ. ಗಡ್ಡೆ ಎಷ್ಟು ಆಳದಲ್ಲಿದೆ, ಯಾವ ರಕ್ತನಾಳಕ್ಕೆ ತಾಗಿದೆ ಅನ್ನುವುದನ್ನು ಡಾಕ್ಟರ್ ಚಿತ್ರಗಳನ್ನು ಒಂದೊಂದಾಗಿ ಸರಿಸುತ್ತಾ ನೋಡುತ್ತಾರೆ. ಅದಕ್ಕೆ ಮೂಲ ಫೈಲೇ ಬೇಕು. ಅದರ ಹೆಸರು ಡೈಕಾಮ್. ಸೆಂಟರ್‌ನಲ್ಲಿ ಈ ಪದ ಹೇಳಿಯೇ ಕೇಳಿ.

ಸಿಡಿ ಕೈಗೆ ಬಂದ ಮೇಲೆ ಅಲ್ಲೇ ಕಂಪ್ಯೂಟರ್‌ನಲ್ಲಿ ಹಾಕಿಸಿ ನೋಡಿ. ರೋಗಿಯ ಹೆಸರು, ವಯಸ್ಸು, ತಾರೀಖು ಸರಿ ಇದೆಯಾ? ಸಾಮಾನ್ಯವಾಗಿ ಡೈಕಾಮ್ ಫೈಲ್‌ಗಳೆಲ್ಲ ಸೇರಿ ನೂರಾರು ಎಂಬಿ ಆಗುತ್ತವೆ. ನಾಲ್ಕೈದು ಎಂಬಿ ಮಾತ್ರ ಇದ್ದರೆ ಸುಮ್ನೆ ಫೋಟೊ ಹಾಕಿ ಕೊಟ್ಟಿದ್ದಾರೆ ಎಂದೇ ತಿಳಿಯಿರಿ. ನಮ್ಮ ಪಕ್ಕದ ಮನೆಯ ಅಕ್ಕನಿಗೆ ಒಂದು ಸೆಂಟರ್‌ನವರು ಖಾಲಿ ಸಿಡಿಯನ್ನೇ ಚಂದದ ಕವರಿನಲ್ಲಿ ಹಾಕಿ ಕೊಟ್ಟಿದ್ದರು. ತೆರೆದು ನೋಡಿದ್ದಕ್ಕೆ ಗೊತ್ತಾಯಿತು. ಪೆನ್ ಡ್ರೈವ್‌ಗೂ ಒಂದು ಕಾಪಿ ಹಾಕಿಸಿ, ಮನೆಯಲ್ಲಿ ಇನ್ನೊಂದು ಇಡಿ. ಹಳೆ ಸ್ಕ್ಯಾನ್ ಬಿಟ್ಟು ಹೋಗಬೇಡಿ. ಗಡ್ಡೆ ಬೆಳೆದಿದೆಯಾ ಇಲ್ಲವಾ ಎಂದು ತಿಳಿಯುವುದು ಎರಡನ್ನೂ ಹೋಲಿಸಿದಾಗಲೇ.

ಇಷ್ಟೆಲ್ಲ ಮಾಡಿದರೂ ಕೆಲವರಿಗೆ ಮತ್ತೆ ಸ್ಕ್ಯಾನ್ ಬರೆಯುತ್ತಾರೆ. ಕೋಪ ಬೇಡ. ಆಪರೇಷನ್ ಹೊತ್ತಿಗೆ ದಾರಿ ತೋರಿಸುವ ನ್ಯಾವಿಗೇಷನ್ ಯಂತ್ರಕ್ಕೆ ತೀರಾ ತೆಳು ಪದರದ ಚಿತ್ರ ಬೇಕಾಗುತ್ತದೆ.

3. ಮೊದಲೇ ಆಪರೇಷನ್ ಆಗಿದ್ದರೆ ಬ್ಲಾಕ್. ತೆಗೆದ ಗಡ್ಡೆಯ ಚೂರನ್ನು ಮೇಣದಲ್ಲಿ ಹುದುಗಿಸಿ ಇಟ್ಟಿರುತ್ತಾರೆ. ಅದು ಬೆರಳಿನ ಎರಡು ಗೆಣ್ಣಿನಷ್ಟಿರುವ ಬಿಲ್ಲೆ, ಮೇಲೆ ನಂಬರ್ ಬರೆದಿರುತ್ತದೆ. 2021ರ ವಿಶ್ವ ಆರೋಗ್ಯ ಸಂಸ್ಥೆಯ ವಿಂಗಡಣೆ ಪ್ರಕಾರ ಎಷ್ಟೋ ಮೆದುಳು ಗಡ್ಡೆಗಳಿಗೆ ಸರಿಯಾದ ಹೆಸರು ಹೇಳಲು ಜೀನ್ ಪರೀಕ್ಷೆ ಬೇಕು. ಅದಕ್ಕೆ ಈ ಬಿಲ್ಲೆಯೇ ಆಧಾರ. ರಿಪೋರ್ಟ್ ಒಂದೇ ಸಾಲದು, ಬ್ಲಾಕ್ ಮತ್ತು ಸ್ಲೈಡ್ (ಆ ಚೂರಿನ ತೆಳು ಪದರ ಅಂಟಿಸಿದ ಗಾಜಿನ ಪಟ್ಟಿ) ಎರಡನ್ನೂ ಬರೆದುಕೊಟ್ಟು ಕೇಳಿ ತನ್ನಿ. ನಮ್ಮ ಬಿಸಿಲು ಗೊತ್ತಲ್ವಾ? ಕಾರಿನ ಮುಂದೆ ಗಾಜಿನ ಕೆಳಗೆ ಇಟ್ಟರೆ ಮೇಣ ಮೆತ್ತಗಾಗುತ್ತದೆ. ಊಟದ ಡಬ್ಬಿಯಂಥ ಗಟ್ಟಿ ಡಬ್ಬಿಯಲ್ಲಿ ಹತ್ತಿ ಹಾಕಿ, ನೆರಳಲ್ಲಿ, ಕೈಯಲ್ಲೇ ಹಿಡಿದು ಒಯ್ಯಿರಿ.

4. ಒಂದು ಹಾಳೆ ಕಥೆ. ಮೊದಲ ಫಿಟ್ಸ್ ಯಾವತ್ತು, ತಲೆನೋವು ಯಾವಾಗಿನಿಂದ, ಯಾವ ಗುಳಿಗೆ ಎಷ್ಟು ಹೊತ್ತಿಗೆ. ತಾರೀಖು ಹಾಕಿ ಬರೆಯಿರಿ. ಫಿಟ್ಸ್ ಬಂದಾಗ ತೆಗೆದ ವಿಡಿಯೊ ಇದ್ದರೆ ತುಂಬಾ ಒಳ್ಳೆಯದು. ಫಿಟ್ಸ್ ಗುಳಿಗೆ ಒಂದು ಹೊತ್ತೂ ತಪ್ಪಿಸಬೇಡಿ. ರಕ್ತ ತೆಳು ಮಾಡುವ ಗುಳಿಗೆ ನಡೆದಿದ್ದರೆ ಆ ಸಾಲನ್ನು ಕೆಂಪು ಪೆನ್ನಿನಲ್ಲಿ ಬರೆಯಿರಿ. ನೀವಾಗಿಯೇ ನಿಲ್ಲಿಸಬೇಡಿ.

5. ಮನೆಮಾತು. ಮಾತಿನ ಜಾಗಕ್ಕೆ ಹತ್ತಿರದ ಗಡ್ಡೆಯಾದರೆ ಕೆಲವೊಮ್ಮೆ ರೋಗಿಯನ್ನು ಎಚ್ಚರವಿಟ್ಟೇ ಆಪರೇಷನ್ ಮಾಡುತ್ತಾರೆ. ಮೆದುಳಿನ ಒಂದೊಂದು ಜಾಗವನ್ನು ಪರೀಕ್ಷಿಸುತ್ತಾ, ಚಿತ್ರ ತೋರಿಸಿ ‘ಇದೇನು?’ ಎಂದು ಕೇಳುತ್ತಾರೆ. ನಾಲಿಗೆ ತಡವರಿಸಿದರೆ ಆ ಜಾಗ ಮುಟ್ಟುವುದಿಲ್ಲ. ನಮ್ಮಲ್ಲಿ ಮನೆಯಲ್ಲಿ ದಖನಿ, ಅಂಗಡಿಯಲ್ಲಿ ಕನ್ನಡ, ಬೀಗರ ಜೊತೆ ಮರಾಠಿ ಅಥವಾ ತೆಲುಗು ಆಡುವವರು ಎಷ್ಟಿಲ್ಲ? ಯಾವ ಮಾತು ಆಡುತ್ತೀರೋ ಎಲ್ಲವನ್ನೂ ಮೊದಲೇ ಹೇಳಿ. ‘ಹಿಂದಿ ಬರ್ತದ್ರಿ’ ಎಂದಷ್ಟೇ ಹೇಳಿ ಸುಮ್ಮನಾಗಬೇಡಿ.

6. ಸಂಶೋಧನೆಯ ಸಹಿ. ಕಲಿಸುವ ಆಸ್ಪತ್ರೆಯಲ್ಲಿ ಚಿಕಿತ್ಸೆ, ಪಾಠ, ಸಂಶೋಧನೆ ಮೂರೂ ಒಟ್ಟಿಗೆ ನಡೆಯುತ್ತವೆ. ನಿಮ್ಹಾನ್ಸ್‌ನಲ್ಲಿ 1995ರಿಂದ, ಅಧ್ಯಯನಕ್ಕೆಂದು ಮೆದುಳಿನ ಚೂರುಗಳನ್ನು ಕಾಪಿಡುವ ಮೆದುಳು ಬ್ಯಾಂಕೇ ಇದೆ. ಹೀಗಾಗಿ ಆಪರೇಷನ್ ಒಪ್ಪಿಗೆಯ ಜೊತೆ ಇನ್ನೊಂದು ಹಾಳೆ ನಿಮ್ಮ ಮುಂದೆ ಬರಬಹುದು. ಎರಡೂ ಬೇರೆ ಬೇರೆ. ‘ಹೆಬ್ಬೆಟ್ಟು ಒತ್ತು ಯಪ್ಪಾ’ ಎಂದು ಹಿರಿಯರನ್ನು ಅವಸರ ಮಾಡಬೇಡಿ. ಕನ್ನಡದ ಪ್ರತಿ ಕೇಳಿ, ಜೋರಾಗಿ ಓದಿ ಹೇಳಿ. ಸಂಶೋಧನೆಗೆ ಬೇಡ ಅಂದರೂ ಚಿಕಿತ್ಸೆ ನಿಲ್ಲುವುದಿಲ್ಲ, ಒಪ್ಪಿದ ಮೇಲೆ ಸಂಶೋಧನೆಯನ್ನು ನಡುವೆ ಬಿಡಲೂ ಬಹುದು. ನನ್ನನ್ನು ಕೇಳಿದರೆ, ಹೇಗೂ ತೆಗೆದ ಚೂರನ್ನು ಅಧ್ಯಯನಕ್ಕೆ ಕೇಳಿದಾಗ ಅರ್ಥ ಮಾಡಿಕೊಂಡು ಕೊಡಿ. ಹೊಸ ಔಷಧಿಯ ಪ್ರಯೋಗವಾದರೆ ಮನೆಯವರ ಜೊತೆ ಒಂದು ದಿನ ಮಾತಾಡಿ ಆಮೇಲೆ ಉತ್ತರ ಕೊಡಿ. ಮಾಹಿತಿ ಹಾಳೆಯ ಒಂದು ಪ್ರತಿ ಕೇಳಿ ಪಡೆಯಿರಿ. ಅದರ ಮೇಲೆ ನೈತಿಕ ಸಮಿತಿಯ, ಅಂದರೆ ಸಂಶೋಧನೆ ಸರಿಯಾಗಿ ನಡೆಯುತ್ತದಾ ಎಂದು ನೋಡುವವರ, ಫೋನ್ ನಂಬರ್ ಇರುತ್ತದೆ. ಅದನ್ನೂ ಸಿಡಿ ಇಟ್ಟ ಕವರಿನಲ್ಲೇ ಇಡಿ.