ಹಸಿ ತರಕಾರಿ ಸೂಪ್ ಕೆನೆಯಂತೆ ಬರಬೇಕಾದರೆ

ಸೌತೆಕಾಯಿ, ಪಾಲಕ್ ಬೇಯಿಸದೆ ರುಬ್ಬಿ ಮಾಡುವ ಹಸಿ ತರಕಾರಿ ಸೂಪ್ ನೀರು ನೀರಾಗುತ್ತದೆ ಅಂತ ಬಿಟ್ಟುಬಿಡಬೇಡಿ. ಸೌತೆಕಾಯಿಯಲ್ಲಿ ನೀರೇ ಜಾಸ್ತಿ ಅಲ್ವಾ, ಹಾಗಾಗಿ ಜೊತೆಗೆ ಕೊಬ್ಬಿನ ಅಂಶ ಇರುವ ಏನಾದರೂ ಬೇಕು. ಅರ್ಧ ಕಪ್ ಗೋಡಂಬಿಯನ್ನು 3-4 ಗಂಟೆ ನೆನೆಸಿ, ಆ ನೀರು ಚೆಲ್ಲಿ. ಮೊದಲು ಗೋಡಂಬಿಯನ್ನಷ್ಟೇ ಸ್ವಲ್ಪ ನೀರಿನಲ್ಲಿ ನುಣ್ಣಗೆ ರುಬ್ಬಿ. ಬೆರಳಿಗೆ ತರಿ ಸಿಗಬಾರದು. ಎಲ್ಲವನ್ನೂ ಒಟ್ಟಿಗೆ ಹಾಕಿದರೆ ಚೂರುಗಳು ಬ್ಲೇಡಿಗೆ ಸಿಗದೆ ಉಳಿದುಬಿಡುತ್ತವೆ.

ಆಮೇಲೆ 2 ಸೌತೆಕಾಯಿ, ಒಂದು ಹಿಡಿ ಪಾಲಕ್, ಅರ್ಧ ಎಸಳು ಬೆಳ್ಳುಳ್ಳಿ, ಉಪ್ಪು ಸೇರಿಸಿ ರುಬ್ಬಿ. ಹಸಿ ಬೆಳ್ಳುಳ್ಳಿ ತುಂಬಾ ಘಾಟು, ಜಾಸ್ತಿ ಬೇಡವೇ ಬೇಡ. ಸೌತೆಕಾಯಿ ಕಹಿ ಇದೆಯಾ ಅಂತ ಮೊದಲೇ ರುಚಿ ನೋಡಿ.

ಗೋಡಂಬಿ ಬದಲು ಚೆನ್ನಾಗಿ ಹಣ್ಣಾದ ಒಂದು ಬೆಣ್ಣೆಹಣ್ಣು ಹಾಕಬಹುದು, ನೆನೆಸುವ ಕೆಲಸವೂ ಇಲ್ಲ. ನಿಂಬೆರಸ ಕೊನೆಯಲ್ಲಿ. ಬೇಯಿಸುವುದಿಲ್ಲವಾದ್ದರಿಂದ ಸೊಪ್ಪನ್ನು ಚೆನ್ನಾಗಿ ತೊಳೆಯಿರಿ, ಮಾಡಿದ ದಿನವೇ ಕುಡಿದುಬಿಡಿ.