ಅರವತ್ತು ದಾಟಿದ ಮೇಲೆ ಬಂಡೆ ಹತ್ತುವುದು

ನಲವತ್ತು ದಾಟಿದ ಕ್ಲೈಂಬರ್ ಗೆಳೆಯರು ಸಿಕ್ಕಾಗಲೆಲ್ಲ ಒಂದೇ ಮಾತು ಕೇಳುತ್ತಾರೆ: ಇನ್ನೆಷ್ಟು ವರ್ಷ ಹತ್ತಬಹುದು ಮೇಡಂ? ನನಗೀಗ ಅರವತ್ಮೂರು. ಎಂಬತ್ತರ ದಶಕದ ಆರಂಭದಲ್ಲಿ, ಕಾಲೇಜು ಓದುವಾಗ ರಾಮನಗರದ ಬಂಡೆಗಳ ಮೇಲೆ ಹಿಡಿದ ಹುಚ್ಚು ಇದು. ಆಗ ಕಾಲಿಗೆ ಹಂಟರ್ ಶೂ, ಸೊಂಟಕ್ಕೇ ಬಿಗಿದ ಹಗ್ಗ; ಮೇಲೆ ಕೂತವರು ಆ ಹಗ್ಗವನ್ನು ಬೆನ್ನಿಗೆ ಸುತ್ತಿ ಹಿಡಿದುಕೊಂಡರೆ ಅದೇ ಬಿಲೇ, ಅಂದರೆ ಹತ್ತುವವರು ಬೀಳದಂತೆ ಹಗ್ಗ ಕಾಯುವುದು. ಮದುವೆ, ಹೆರಿಗೆ, ಬ್ಯಾಂಕಿನ ಕೆಲಸ, ವರ್ಗಾವಣೆ, ಇವುಗಳ ನಡುವೆ ಹತ್ತುವುದು ಕಡಿಮೆಯಾಗಿದ್ದುಂಟು, ನಿಂತಿದ್ದಿಲ್ಲ. ಕೇಳಿದವರಿಗೆ ನಾನು ಹೇಳುವುದು ಇಷ್ಟು: ದೇಹ ಬದಲಾದಾಗ ಹತ್ತುವ ಬಂಡೆಯನ್ನು ಬದಲಿಸಿಕೊಳ್ಳಿ, ಮತ್ತು ಬಂಡೆಯ ಹತ್ತಿರ ನಿಮಗೊಂದು ಕೆಲಸ ಇಟ್ಟುಕೊಳ್ಳಿ. ಎರಡನೆಯದು ಇಲ್ಲದೆ ಮೊದಲನೆಯದು ಹೆಚ್ಚು ದಿನ ನಡೆಯುವುದನ್ನು ನಾನು ನೋಡಿಲ್ಲ.

ಬಂಡೆಯ ವಿಷಯದಲ್ಲಿ ಕರ್ನಾಟಕದವರಷ್ಟು ಪುಣ್ಯವಂತರು ಕಡಿಮೆ. ಬಾದಾಮಿಯ ಕೆಂಪು ಮರಳುಗಲ್ಲು ನೆಟ್ಟಗೆ ಎದ್ದು ನಿಲ್ಲುತ್ತದೆ, ಕೆಲವು ಕಡೆ ತಲೆಯ ಮೇಲೆ ಚಾಚಿಕೊಳ್ಳುತ್ತದೆ. ಅಲ್ಲಿ ಬೆರಳು ಮತ್ತು ಭುಜದ ಬಲವೇ ಬಂಡವಾಳ. ಹಂಪಿಯಲ್ಲಿ ಹಗ್ಗವಿಲ್ಲದೆ ಗುಂಡುಕಲ್ಲುಗಳನ್ನು ಹತ್ತುವ ಬೌಲ್ಡರಿಂಗ್. ಕೈ ಜಾರಿದರೆ ಕೆಳಗೆ ಹಾಸಿದ ದಪ್ಪ ಮೆತ್ತೆ, ಕ್ರ್ಯಾಶ್ ಪ್ಯಾಡ್ ಮೇಲೆ ಬೀಳಲೇಬೇಕು, ಬಿದ್ದಾಗಲೆಲ್ಲ ಮಂಡಿಗೂ ಸೊಂಟಕ್ಕೂ ಪೆಟ್ಟು. ಮಾಗಡಿ ಹತ್ತಿರದ ಸಾವನದುರ್ಗದ ರೀತಿಯೇ ಬೇರೆ. ಸಮುದ್ರ ಮಟ್ಟದಿಂದ 1,226 ಮೀಟರ್ ಎತ್ತರದ ಒಂದೇ ದೊಡ್ಡ ಕಲ್ಲುಬೆಟ್ಟ. ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಅನ್ನುವ, ಸುಮಾರು 250 ಕೋಟಿ ವರ್ಷ ಹಳೆಯ ಶಿಲೆ. ಅದರ ಮೈ ಇಳಿಜಾರು. ಕೈಗೆ ಸಿಗುವ ಹಿಡಿತ ಬಹಳ ಕಡೆ ಇಲ್ಲವೇ ಇಲ್ಲ. ಶೂ ರಬ್ಬರು ಕಲ್ಲಿಗೆ ಕಚ್ಚಿಕೊಳ್ಳುವುದರ ಮೇಲೆಯೇ ನಂಬಿಕೆ ಇಟ್ಟು, ಹೆಜ್ಜೆ ಹೆಜ್ಜೆಯಾಗಿ ಪಿಚ್ ಮೇಲೆ ಪಿಚ್ ಏರಬೇಕು. ಪಿಚ್ ಎಂದರೆ ಒಂದು ಹಗ್ಗದಳತೆಯೊಳಗೆ ಏರುವ ಒಂದು ಹಂತ.

ಈ ಇಳಿಜಾರು ಬಂಡೆ, ನಾವು ಸ್ಲ್ಯಾಬ್ ಅನ್ನುವುದು, ವಯಸ್ಸಾದವರಿಗೆ ಒಗ್ಗುವುದಕ್ಕೆ ಕಾರಣವಿದೆ. ವಯಸ್ಸಿನೊಂದಿಗೆ ಸ್ನಾಯು ಸವೆಯುವಾಗ ಮೊದಲು ಹೆಚ್ಚು ಸೊರಗುವುದು ಚುರುಕಾಗಿ, ಜೋರಾಗಿ ಎಳೆಯುವ ಎಳೆಗಳು. ನಿಧಾನವಾಗಿ ಬಹಳ ಹೊತ್ತು ದುಡಿಯುವ ಎಳೆಗಳು ಅಷ್ಟು ಬೇಗ ಕೈಬಿಡುವುದಿಲ್ಲ. ಐವತ್ತೈದರ ಹೊತ್ತಿಗೆ ಬಾದಾಮಿಯಲ್ಲಿ ಒಂದು ಹಿಡಿತದಿಂದ ಇನ್ನೊಂದಕ್ಕೆ ಹಾರಿ ಹಿಡಿಯುವುದು ನನಗೆ ಆಗದಾಯಿತು. ಅದೇ ವರ್ಷ ಸಾವನದುರ್ಗದಲ್ಲಿ ಬೆಳಗಿನಿಂದ ಮೇಲಿನ ತನಕ ಏರಿದರೂ ಕಾಲು ಸೋತಿರಲಿಲ್ಲ. ಅಂದಿನಿಂದ ನನ್ನ ಚಳಿಗಾಲವೆಲ್ಲ ಅಲ್ಲಿಯೇ.

ಸ್ವಿಟ್ಜರ್ಲೆಂಡಿನ ಮಾರ್ಸೆಲ್ ರೆಮಿ 2017ರಲ್ಲಿ, ತಮ್ಮ 94ನೇ ವಯಸ್ಸಿನಲ್ಲಿ, ಮಗನ ಜೊತೆ ಮಿರ್ವಾರ್ ದ ಲಾರ್ಜಾಂಟೀನ್ ಹತ್ತಿದರು. ಅದೂ ಸುಣ್ಣಕಲ್ಲಿನ ದೊಡ್ಡ ಇಳಿಜಾರು ಬಂಡೆಯೇ. ಇಟಲಿಯ ರಿಕ್ಕಾರ್ಡೊ ಕಸ್ಸಿನ್ 1937ರಲ್ಲಿ ಆಲ್ಪ್ಸ್‌ನ ಪಿತ್ಸ್ ಬಡಿಲೆ ಶಿಖರದ ಈಶಾನ್ಯ ಮುಖವನ್ನು ಮೊದಲ ಬಾರಿಗೆ ಏರಿದವರು. ಸರಿಯಾಗಿ ಐವತ್ತು ವರ್ಷದ ನಂತರ, ತಮ್ಮ 78ನೇ ವಯಸ್ಸಿನಲ್ಲಿ, ಅದೇ ದಾರಿಯಲ್ಲಿ ಮತ್ತೆ ಏರಿದರು. ನನ್ನ ಮುಂದೆ ಇನ್ನೂ ಎಷ್ಟು ದೂರ ದಾರಿಯಿದೆ ಎಂದು ಇವರಿಬ್ಬರನ್ನು ನೆನೆದಾಗ ಅನ್ನಿಸುತ್ತದೆ.

ಇನ್ನು ಯಾರೂ ಮೊದಲೇ ಹೇಳದ ಒಂದು ವಿಷಯ, ಕಣ್ಣು. ಐವತ್ತರ ನಂತರ ನಮ್ಮಲ್ಲಿ ಹೆಚ್ಚಿನವರು ಪ್ರೊಗ್ರೆಸಿವ್ ಕನ್ನಡಕ ಹಾಕುತ್ತೇವೆ. ಮೇಲ್ಭಾಗ ದೂರಕ್ಕೆ, ಕೆಳಭಾಗ ಓದುವುದಕ್ಕೆ. ಬಂಡೆಯ ಮೇಲೆ ನಿಂತು ಕಾಲಿಡುವ ಜಾಗ ನೋಡಲು ಕಣ್ಣು ಕೆಳಗಿಳಿಸಿದರೆ ನೋಟ ಹಾಯುವುದು ಓದುವ ಗಾಜಿನ ಮೂಲಕ. ಪಾದವಿರುವುದು ಐದಡಿ ಕೆಳಗೆ, ಆ ಗಾಜು ಸ್ಪಷ್ಟವಾಗಿ ತೋರಿಸುವುದು ಒಂದೂವರೆ ಅಡಿ ದೂರದ್ದನ್ನು. ಸ್ಲ್ಯಾಬ್ ಮೇಲೆ ಕಾಲೂರುವ ಜಾಗ ಎಂದರೆ ಬೇಳೆ ಕಾಳಿನಷ್ಟು ಉಬ್ಬಿದ ಹರಳು, ಅಥವಾ ಹೆಬ್ಬೆರಳು ಒತ್ತಿದಷ್ಟು ತಗ್ಗು. ಅದೇ ಮಸುಕಾದರೆ ಕಾಲು ನಡುಗುತ್ತದೆ, ನಾವು ಅದನ್ನು ವಯಸ್ಸಿನ ಭಯ ಅಂದುಕೊಳ್ಳುತ್ತೇವೆ. ನಾನು ದೂರದ ನಂಬರಿನದು ಮಾತ್ರ ಹಾಕಿಸಿ, ಹಿಂದೆ ದಾರ ಕಟ್ಟಿದ ಬೇರೆ ಕನ್ನಡಕ ಮಾಡಿಸಿಕೊಂಡೆ. ಮೊದಲ ದಿನವೇ ಕಾಲು ಗಟ್ಟಿಯಾಗಿ ನಿಂತಿತು.

ಆದರೆ ಅದನ್ನು ಹಾಕಿಕೊಂಡರೆ ಹತ್ತಿರದ್ದು ಕಾಣದು, ಹಾರ್ನೆಸ್ಸಿಗೆ, ಅಂದರೆ ಸೊಂಟಕ್ಕೆ ಬಿಗಿಯುವ ಪಟ್ಟಿಗೆ, ಹಾಕಿದ ಗಂಟು ಹತ್ತಿರದ ವಸ್ತು. 8ರ ಅಂಕಿಯಂತೆ ಕಾಣುವ ಈ ಎಂಟರ ಗಂಟಿನಲ್ಲಿ ಹಗ್ಗದ ಎಳೆಗಳು ಜೋಡಿ ಜೋಡಿಯಾಗಿ ಪಕ್ಕಪಕ್ಕ ಸಾಗಬೇಕು. ಅದನ್ನು ಬೆರಳಲ್ಲಿ ಮುಟ್ಟಿ ಎಣಿಸುವುದನ್ನು ಮನೆಯಲ್ಲಿ ದೀಪ ಆರಿಸಿ ಕಲಿತೆ. ಕಣ್ಣು ನೋಡಲಿ, ಬೆರಳು ಎಣಿಸಲಿ, ಜೊತೆಯವರೂ ಒಮ್ಮೆ ಎಳೆದು ನೋಡಲಿ. ಈ ಮೂರೂ ಆಗದೆ ನಾನು ನೆಲ ಬಿಡುವುದಿಲ್ಲ. ಬಿಲೇ ಮಾಡುವಾಗ ಕತ್ತೆತ್ತಿ ನೋಡುತ್ತಲೇ ಇರಬೇಕಲ್ಲ, ಅದಕ್ಕೆ ಪ್ರಿಸಂ ಇರುವ ಬಿಲೇ ಕನ್ನಡಕ ಬಂದಿದೆ. ನೇರ ನೋಡಿದರೂ ಮೇಲಿನವರು ಕಾಣುತ್ತಾರೆ. ಕತ್ತು ನೋವಿರುವವರು ತಪ್ಪದೆ ತೆಗೆದುಕೊಳ್ಳಿ.

ಮುಟ್ಟು ನಿಂತ ಮೇಲೆ ಹೆಂಗಸರಿಗೆ ಈಸ್ಟ್ರೋಜೆನ್ ಇಳಿದು ಮೂಳೆ ಸವೆಯುವುದು ಜೋರಾಗುತ್ತದೆ. ನನ್ನ ಡೆಕ್ಸಾ ಸ್ಕ್ಯಾನಿನಲ್ಲೂ ಸೊಂಟದ ಮೂಳೆ ತೆಳುವಾಗಿದೆ ಎಂದೇ ಬಂತು. ಆಗ ಹತ್ತುವುದನ್ನು ನಿಲ್ಲಿಸಿ ವಾಕಿಂಗ್ ಮಾಡಿ ಅಂದವರಿದ್ದರು. ನನಗೆ ಭಾರ ಎತ್ತುವುದನ್ನು ಹೇಳಿಕೊಟ್ಟದ್ದು ಒಬ್ಬ ಫಿಸಿಯೋ ಹುಡುಗಿ. ಮೂಳೆಗೆ ಭಾರ ಬಿದ್ದರೆ ತಾನೇ ಅದು ಗಟ್ಟಿಯಾಗಿರುವುದು. ಈಗ ವಾರಕ್ಕೆ ಎರಡು ದಿನ ಹೆಗಲ ಮೇಲೆ ಭಾರ ಹೊತ್ತು ಬಸ್ಕಿ, ನೆಲದಿಂದ ಭಾರ ಎತ್ತುವುದು, ರಬ್ಬರ್ ಬ್ಯಾಂಡ್ ಎಳೆದು ಭುಜದ ಒಳ ಸ್ನಾಯುಗಳಿಗೆ ಕೆಲಸ. ಬೆರಳಿಗೆ ಹ್ಯಾಂಗ್‌ಬೋರ್ಡ್ ಇದೆ, ಬೆರಳಲ್ಲಿ ಹಿಡಿದು ಜೋತಾಡುವ ಹಲಗೆ, ಆದರೆ ಪೂರ್ತಿ ತೂಕ ಹಾಕಿ ತೂಗುವುದಿಲ್ಲ. ಕಾಲನ್ನು ಕುರ್ಚಿಯ ಮೇಲಿಟ್ಟು ಹತ್ತು ಸೆಕೆಂಡು ಹಿಡಿಯುವುದು, ಮೂರು ನಿಮಿಷ ಬಿಡುವುದು. ಸ್ನಾಯು ಬೇಗ ಚೇತರಿಸಿಕೊಂಡರೂ ಬೆರಳಿನ ಸ್ನಾಯುರಜ್ಜು, ಅದನ್ನು ಮೂಳೆಗೆ ಬಿಗಿದಿಡುವ ಪಟ್ಟಿಗಳು ನಿಧಾನ. ಮೂವತ್ತರಲ್ಲಿ ಒಂದು ದಿನದ ಬಿಡುವು ಸಾಕಿತ್ತು, ಈಗ ಮೂರು ದಿನ ಕೊಡುತ್ತೇನೆ.

ಊಟದಲ್ಲಿ ಹೆಚ್ಚೇನೂ ಬದಲಿಸಿಲ್ಲ, ಪ್ರೋಟೀನ್ ಬಿಟ್ಟು. ವಯಸ್ಸಾದವರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1 ರಿಂದ 1.2 ಗ್ರಾಂ ಬೇಕೆನ್ನುತ್ತಾರೆ. ನನ್ನದು 52 ಕಿಲೋ. ಮುದ್ದೆ ಸಾರಿನ ಊಟದಲ್ಲಿ ಅಷ್ಟು ಬರುವುದಿಲ್ಲ. ಹುರುಳಿ ಅಥವಾ ಹೆಸರುಕಾಳಿನ ಉಸಲಿ, ಮೊಸರು, ಎರಡು ಮೊಟ್ಟೆ ಸೇರಿದರೆ ಹತ್ತಿರ ಬರುತ್ತದೆ.

ಇಷ್ಟೆಲ್ಲ ದೇಹದ ಮಾತು. ನಿವೃತ್ತಿಯಾದ ವರ್ಷ ನನ್ನನ್ನು ಕಾಡಿದ್ದು ದೇಹವಲ್ಲ. ಶನಿವಾರ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಹೊರಡುವುದಕ್ಕೆ ಒಂದು ಕಾರಣ ಬೇಕಾಗಿತ್ತು. ಹೊಸ ಕಷ್ಟದ ದಾರಿಗಳು ಇನ್ನು ನನ್ನವಲ್ಲ. ಏರಿದ್ದನ್ನೇ ಏರುತ್ತಾ ಹೋದರೆ ಸಂತೋಷ ಇದೆ, ಆದರೆ ಚಳಿಯಲ್ಲಿ ಹಾಸಿಗೆಯಿಂದ ಎಬ್ಬಿಸುವಷ್ಟು ಅಲ್ಲ. ಆ ಕಾರಣ ಸಿಕ್ಕಿದ್ದು ಹಳೆಯ ಬೋಲ್ಟುಗಳಲ್ಲಿ.

ಸ್ಲ್ಯಾಬಿನಲ್ಲಿ ಬಿರುಕು ಕಡಿಮೆ. ಹಗ್ಗ ಸಿಕ್ಕಿಸಲು ಕಲ್ಲಿಗೆ ತೂತು ಕೊರೆದು ಬೋಲ್ಟ್ ಹೊಡೆದಿರುತ್ತಾರೆ. ನಮ್ಮ ಬಂಡೆಗಳಲ್ಲಿ ದಶಕಗಳ ಹಿಂದೆ ಹೊಡೆದ ಸಾಧಾರಣ ಕಬ್ಬಿಣದ ಬೋಲ್ಟುಗಳು ಇನ್ನೂ ಇವೆ. ಕೆಲವಕ್ಕೆ ಆಮೇಲೆ ಯಾರೋ ಸ್ಟೇನ್‌ಲೆಸ್ ಹ್ಯಾಂಗರ್, ಅಂದರೆ ಕೊಂಡಿ ಸಿಕ್ಕಿಸುವ ತೂತಿನ ಪಟ್ಟಿ, ಹಾಕಿದ್ದಾರೆ. ಎರಡು ಬೇರೆ ಲೋಹ ಸೇರಿ ಮಳೆನೀರು ಬಿದ್ದರೆ ಕಬ್ಬಿಣ ಇನ್ನೂ ಬೇಗ ತುಕ್ಕು ತಿನ್ನುತ್ತದೆ. ಹೊರಗೆ ಹೊಳೆಯುತ್ತದೆ, ಒಳಗೆ ಸವೆದಿರುತ್ತದೆ.

ಒಂದನ್ನು ಬದಲಿಸುವುದು ಹೀಗೆ. ಮೊದಲು ಹ್ಯಾಂಗರಿನ ಕೆಳಗೆ ಕಲ್ಲಿನ ಮೇಲೆ ಕಂದು ಗೆರೆ ಇಳಿದಿದೆಯೇ, ಕೈಯಲ್ಲಿ ತಿರುಗಿಸಿದರೆ ಸಡಿಲ ಇದೆಯೇ ನೋಡುತ್ತೇವೆ. ಹೊಸ ಜಾಗ ಹಳೆಯದರಿಂದ ಒಂದು ಗೇಣು ದೂರ. ಸುತ್ತಿಗೆಯಿಂದ ಬಡಿದಾಗ ಠಣ್ ಅಂದರೆ ಕಲ್ಲು ಗಟ್ಟಿ. ಟೊಳ್ಳು ಸದ್ದು ಬಂದರೆ ಒಳಗೆ ಪದರ ಬಿಟ್ಟಿದೆ, ಬೇರೆ ಜಾಗ ಹುಡುಕಬೇಕು. ಡ್ರಿಲ್ ನೇರವಾಗಿ ಹಿಡಿದು ಕೊರೆದ ಮೇಲೆ ತೂತಿನ ಪುಡಿ ತೆಗೆಯಬೇಕು: ಪಂಪಿನಿಂದ ಊದಿ, ಬ್ರಷ್ ಹಾಕಿ ತಿರುವಿ, ಮತ್ತೆ ಊದಿ. ಪುಡಿ ಉಳಿದರೆ ಬೋಲ್ಟ್ ಕಲ್ಲನ್ನು ಕಚ್ಚುವುದಿಲ್ಲ. ಆತುರದ ಹುಡುಗರು ಇಲ್ಲೇ ಒಂದು ಸಲ ಊದಿ ಸಾಕು ಅನ್ನುತ್ತಾರೆ, ನಾನು ಬಿಡುವುದಿಲ್ಲ. ಆಮೇಲೆ ಸ್ಟೇನ್‌ಲೆಸ್ ಬೋಲ್ಟ್ ಬಡಿದು, ಬಿಗಿತ ಅಳೆಯುವ ಟಾರ್ಕ್ ರೆಂಚಿನಲ್ಲಿ ಆ ಬೋಲ್ಟಿಗೆ ಹೇಳಿದಷ್ಟೇ ಬಿಗಿಯುವುದು. ಹಳೆಯದನ್ನು ಕಿತ್ತು ಆ ತೂತಿಗೆ ಅಂಟು ಮತ್ತು ಅದೇ ಬಂಡೆಯ ಪುಡಿ ಕಲಸಿ ತುಂಬಿದರೆ ಗುರುತು ಕಾಣುವುದಿಲ್ಲ. ಬಾದಾಮಿಯ ಮರಳುಗಲ್ಲು ಮೆದು, ಅಲ್ಲಿ ಅಂಟು ಹಾಕಿ ಕೂರಿಸುವ ಬೋಲ್ಟೇ ಸರಿ. ಮಳೆ ಬಿದ್ದ ಮೇಲೆ ಆ ಕಲ್ಲು ಪೂರ್ತಿ ಒಣಗುವ ತನಕ ಹತ್ತಲೂ ಬಾರದು, ಹಿಡಿತಗಳೇ ಮುರಿದು ಬರುತ್ತವೆ.

ಸಾವನದುರ್ಗ ಕಾಯ್ದಿಟ್ಟ ಅರಣ್ಯ, ಹಾಗಾಗಿ ಇಲಾಖೆಗೆ ಕಾಗದ ಬರೆಯುವುದು, ಅನುಮತಿಗೆ ಓಡಾಡುವುದು ನನ್ನ ಪಾಲು. ಬ್ಯಾಂಕಿನಲ್ಲಿ ಬೆಳೆದ ಅಭ್ಯಾಸದಿಂದ ಪ್ರತಿ ದಾರಿಗೂ ಒಂದು ಲೆಡ್ಜರ್ ಪುಟ ತೆರೆದಿದ್ದೇನೆ. ಕೆಳಗಿನಿಂದ ಎಷ್ಟನೇ ಬೋಲ್ಟ್, ಯಾವ ಲೋಹ, ಎಷ್ಟು ದಪ್ಪ, ಯಾವಾಗ ಹೊಡೆದದ್ದು, ಯಾರು ನೋಡಿದ್ದು. ಭಾರದ ಡ್ರಿಲ್ ಹೊರುವುದು ಇಪ್ಪತ್ತೈದರ ಹರೆಯದವರು. ಅವರಿಗೆ ಇಲ್ಲದ ಒಂದು ವಸ್ತು ನನ್ನ ಬಳಿ ಇದೆ, ಬಿಡುವಾದ ವಾರದ ದಿನಗಳು.

ಬಂಡೆ ನಮ್ಮದೊಂದೇ ಅಲ್ಲ ಎನ್ನುವುದನ್ನೂ ಹೊಸಬರಿಗೆ ಹೇಳಿಕೊಡಬೇಕಾಗುತ್ತದೆ. ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದು ಧಾಮವಾಯಿತು. ನಾನು ಹತ್ತಲು ಕಲಿತ ಕಲ್ಲುಗಳಲ್ಲಿ ಕೆಲವು ಅಲ್ಲಿವೆ. ಉದ್ದ ಕೊಕ್ಕಿನ ರಣಹದ್ದು ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಹಕ್ಕಿ, ನಮ್ಮ ಹಗ್ಗ ಕಂಡು ಗೂಡು ಬಿಟ್ಟರೆ ಆ ವರ್ಷವೇ ಹೋಯಿತು. ಆ ಕಲ್ಲುಗಳನ್ನು ಬಿಟ್ಟುಕೊಟ್ಟದ್ದಕ್ಕೆ ನನಗೆ ಬೇಸರವಿಲ್ಲ. ಹೆಜ್ಜೇನಿನದು ಬೇರೆ ಪಾಠ. ಸಾವನದುರ್ಗದಲ್ಲಿ ಯಾವ ವರ್ಷ ಎಲ್ಲಿ ಗೂಡು ಕಟ್ಟಿದೆ ಎಂದು ಪುಸ್ತಕ ನೋಡಿ ತಿಳಿಯುವುದಿಲ್ಲ. ಹೋದ ಚಳಿಗಾಲ ಬುಡದಲ್ಲಿ ಆಡು ಮೇಯಿಸುತ್ತಿದ್ದ ಹಿರಿಯರೊಬ್ಬರು ನಮ್ಮ ಹಗ್ಗ ನೋಡಿ ಕೂಗಿದರು:

"ಅಮ್ಮೋರೇ, ಎಡಗಡೆ ಪೊಟರೆ ತಾವ ಹೆಜ್ಜೇನು ಕೂತದೆ. ಆ ಕಡೀಕ್ ಹೋಗ್ಬ್ಯಾಡಿ."

"ಸರಿ ಕಣಣ್ಣ, ಬಲಗಡೆಯಿಂದ್ಲೇ ಹೋಗ್ತೀವಿ. ಬೆಳಿಗ್ಗೆ ಯಾರಾದ್ರೂ ಹೊಗೆ ಹಾಕಿದ್ರಾ?"

"ಇಲ್ಲ ಇಲ್ಲ. ಇವತ್ ತಣ್ಣಗವೆ."

ಹೀಗೆ ಕೇಳಿಕೊಂಡೇ ಹತ್ತಬೇಕು. ಸೆಂಟು ಹಾಕಿಕೊಂಡು ಬಂದವರನ್ನು, ಬುಡದಲ್ಲಿ ಒಲೆ ಹಚ್ಚುವವರನ್ನು ನಾನು ಅಲ್ಲಿಂದಲೇ ವಾಪಸ್ ಕಳಿಸುತ್ತೇನೆ, ನಿಷ್ಠುರವಾದರೂ ಚಿಂತೆಯಿಲ್ಲ.

ಕಂಠೀರವ ಕ್ರೀಡಾಂಗಣದ ಕೃತಕ ಗೋಡೆಯಲ್ಲಿ ಕಲಿತು ಬರುವ ಮಕ್ಕಳ ಬೆರಳು ನನ್ನದಕ್ಕಿಂತ ಎಷ್ಟೋ ಗಟ್ಟಿ. ಹಿಡಿತವಿಲ್ಲದ ಬಂಡೆಯ ಮುಂದೆ ಮಾತ್ರ ಅವರಿಗೆ ದಿಕ್ಕು ತೋಚುವುದಿಲ್ಲ, ಕಲ್ಲನ್ನು ತಬ್ಬಿಕೊಳ್ಳುತ್ತಾರೆ, ಕಾಲು ಜಾರುತ್ತದೆ. ಸೊಂಟ ಹೊರಗಿಡಿ, ಹಿಮ್ಮಡಿ ಇಳಿಸಿ, ತೂಕವೆಲ್ಲ ಪಾದದ ಮೇಲೆ ಬರಲಿ ಎಂದು ಪಕ್ಕದಲ್ಲಿ ಹತ್ತಿ ತೋರಿಸಿದಾಗ ಅರ್ಥವಾಗುತ್ತದೆ. ಇದಕ್ಕಾಗಿಯಾದರೂ ನಾನು ಹತ್ತುವ ಸ್ಥಿತಿಯಲ್ಲಿ ಇರಬೇಕು. ಬಸ್ಕಿ, ಉಸಲಿ, ಮೂರು ದಿನದ ಬಿಡುವು ಎಲ್ಲ ಇದಕ್ಕೇ.

ಲೀಡ್ ಮಾಡುವುದನ್ನು, ಅಂದರೆ ಹಗ್ಗ ಸಿಕ್ಕಿಸುತ್ತಾ ಎಲ್ಲರಿಗಿಂತ ಮುಂದೆ ಏರುವುದನ್ನು, ಕಡಿಮೆ ಮಾಡಿದ್ದೇನೆ. ಮೂಳೆ ತೆಳುವಾದವರಿಗೆ ಬೀಳುವ ಲೆಕ್ಕ ಬೇರೆ, ಹಾಗಾಗಿ ಸುಲಭದ ಪಿಚ್ ನನ್ನದು, ಕಷ್ಟದ್ದು ಜೊತೆಯವರದು. ಹತ್ತು ಗಂಟೆಗೆ ಬಂಡೆ ಕಾದು ರಬ್ಬರು ಜಾರತೊಡಗುವ ಮೊದಲೇ ಮೇಲಿರುವಂತೆ ಹೊರಡುತ್ತೇವೆ. ಇಳಿಯುವಾಗ ಎರಡು ಕೋಲು ಬೇಕೇ ಬೇಕು, ಮಂಡಿ ಹಾಳಾಗುವುದು ಹತ್ತುವಾಗಲ್ಲ, ಇಳಿಯುವಾಗ. ಮಳೆಗಾಲ ಮುಗಿದು ಕಪ್ಪು ನೀರಿನ ಪಟ್ಟೆಗಳ ಪಾಚಿ ಒಣಗಿದ ಮೇಲೆ, ನವೆಂಬರಿನಲ್ಲಿ, ಲೆಡ್ಜರಿನಲ್ಲಿ ಕೆಂಪು ಗುರುತು ಹಾಕಿರುವ ಬೋಲ್ಟುಗಳಿಂದ ಕೆಲಸ ಶುರು. ಡ್ರಿಲ್ಲಿನ ಬ್ಯಾಟರಿ ಹೊರಲು ಇನ್ನೊಂದಿಬ್ಬರು ಬೇಕಾಗಿದ್ದಾರೆ. ನಲವತ್ತು ದಾಟಿದವರಾದರೂ ಆದೀತು.